ಇನ್ನೊಮ್ಮೆ ಕೇಳ್ರಿ

ಬೀದರ
ಫೆಬ್ರವರಿ ೧೧, ೨೦೨೫

ಪ್ರಿಯ ದಾನಿಯೇಲ,

ಚಪ್ಪಲಿಯ ಹಾಗೆ ಎಂದು ನೀನೇ ಒಮ್ಮೆ ಅಂದಿದ್ದೆ. ಹೊರಗೆ ಬಿಟ್ಟು ಒಳಗೆ ಬರಬೇಕಾದದ್ದು ಎಂದೋ, ಹಾಕಿಕೊಳ್ಳದೆ ಹೊರಗೆ ಹೋಗಬಾರದ್ದು ಎಂದೋ, ಅಷ್ಟು ಸರಿಯಾಗಿ ನೆನಪಿಲ್ಲ. ವಿನಯದ ಬಗ್ಗೆ ಅಂದದ್ದೋ ಧೈರ್ಯದ ಬಗ್ಗೆ ಅಂದದ್ದೋ ಅದೂ ಮರೆತಿದೆ. ಭಾಲ್ಕಿಯ ಚರ್ಚಿನ ಮೆಟ್ಟಿಲ ಮೇಲೆ ನಿನ್ನ ಎಡಗಾಲಿನ ಚಪ್ಪಲಿ ಕಾಣದೆ ಹುಡುಕುತ್ತಿದ್ದಾಗ ಅಂದದ್ದು ಮಾತ್ರ ಖಚಿತ. ನಿನ್ನ ಪತ್ರ ಓದಿದಾಗ ಆ ಮಾತೇ ಮೊದಲು ನೆನಪಾಯಿತು, ಅರ್ಧವೇ ನೆನಪಾಯಿತು, ಉಳಿದರ್ಧಕ್ಕಾಗಿ ಕಾಯುತ್ತ ಕೂತೆ. ಉತ್ತರ ತಡವಾದದ್ದಕ್ಕೆ ಇದೊಂದು ಕಾರಣ. ಇನ್ನೊಂದು, ಸೋಮಾರಿತನ. ಕ್ರಿಸ್ಮಸ್ಸಿಗೆ ಮುಂಚೆ ಬಂದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಸುವರ್ಣಾ ಅವರಿಗೂ ಮಕ್ಕಳಿಗೂ ಹೊಸ ವರ್ಷದ ಶುಭಾಶಯವನ್ನು ಹಳಸಿದ ಮೇಲೆ ಕಳಿಸುತ್ತಿದ್ದೇನೆ, ಬಿಸಿ ಮಾಡಿಕೊಳ್ಳಿ.

ನೀನು ಕೇಳಿದ್ದೀಯಲ್ಲ, ಕೋಲಾರದ ನಿನ್ನ ಯುವಕರ ತರಗತಿಯಲ್ಲಿ ಅರ್ಧ ಜನ "ನಾನು ಧೂಳು" ಎನ್ನುವವರು, ಇನ್ನರ್ಧ "ದೇವರು ನನ್ನ ಮೂಲಕವೇ ಕೆಲಸ ಮಾಡುತ್ತಾನೆ" ಎನ್ನುವವರು, ಇವರಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಹೇಗೆ ಕೂರಿಸುವುದು ಅಂತ. ಪಾದ್ರಿಯಾದವನು ಕನ್ನಡಕದ ಅಂಗಡಿಯವನನ್ನು ಕೇಳುವ ಪ್ರಶ್ನೆಯೇ ಇದು? ಭಾನುವಾರ ಬಾಗಿಲ ಹತ್ತಿರ ಕೂತು, ಕೊನೆಯ ಹಾಡು ಮುಗಿಯುವ ಮುಂಚೆ ಹೊರಗೆ ಗಾಳಿಗೆ ಬರುವವನು ನಾನು. ಉಪದೇಶ ನನ್ನಿಂದಾಗದು. ಆದರೆ ಇಲ್ಲಿ ಒಂದು ಸಂಗತಿ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ, ಅದನ್ನು ಬರೆಯುತ್ತೇನೆ. ನಿನಗೆ ಬೇಕಾದದ್ದು ಅದರಲ್ಲಿದ್ದರೆ ತೆಗೆದುಕೋ.

ನಮ್ಮ ಅಕ್ಕ ಸುಂದರಬಾಯಿಯನ್ನು ನೀನು ಮರೆತಿರಲಾರೆ. ಖಟಕ ಚಿಂಚೋಳಿಯಲ್ಲಿ ಅವಳ ಹಿಟ್ಟಿನ ಗಿರಣಿ ಈಗಲೂ ನಡೆಯುತ್ತಿದೆ. ಭಾವ ಹೋದ ಮೇಲೆ ಅವಳೇ ಮೋಟರಿಗೆ ಪಟ್ಟಿ ಏರಿಸುತ್ತಾಳೆ, ಅವಳೇ ಸವೆದ ಕಲ್ಲು ಕುಟ್ಟಿಸುತ್ತಾಳೆ. ಗಿರಣಿಯ ಸದ್ದನ್ನು ಮೀರಿ ಮಾತಾಡಿ ಅಭ್ಯಾಸವಾದ ದನಿ. ತೊಗರಿ ಮಾರಲು ಅವಳು ಬೀದರದ ಗಾಂಧಿ ಗಂಜ್ ಪೇಟೆಗೆ ಬಂದರೆ ಆ ಸಾಲಿನ ದಲಾಲರೆಲ್ಲ ತಕ್ಕಡಿಯನ್ನು ಒಮ್ಮೆ ಒರೆಸಿಕೊಳ್ಳುತ್ತಾರೆ. ಇಂಥವಳು ಚರ್ಚಿನ ಹೊಸ್ತಿಲು ದಾಟಿದರೆ ಸಾಕು, ಸೆರಗು ತಲೆಯ ಮೇಲೆ ಬರುತ್ತದೆ, ದನಿ ಎಲ್ಲೋ ಒಳಗೆ ಹೋಗುತ್ತದೆ. ಹಾಗಿದ್ದೂ ಚಿಂಚೋಳಿಯಲ್ಲಿ ವಾಕ್ಯ ಹೇಳುವವಳು ಅವಳೇ. ಗಿರಣಿಯ ಹಿಂದಿನ ತಗಡಿನ ಕೋಣೆಯಲ್ಲಿ ಒಂದಿಷ್ಟು ಕುಟುಂಬಗಳು ಕೂಡುತ್ತವೆ. ಭಾಲ್ಕಿಯ ಸಭಾಪಾಲಕರು ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ, ಉಳಿದ ಭಾನುವಾರಗಳು ಅಕ್ಕನವು. ಅವಳು ಅದನ್ನು ಪ್ರಸಂಗ, ಉಪದೇಶ ಎನ್ನುವುದಿಲ್ಲ. "ಥೋಡೆ ಮಾತಾಡ್ತೇನಿ" ಎನ್ನುತ್ತಾಳೆ, ಸ್ವಲ್ಪವೇ ಎಂಬಂತೆ.

ಈಗ ಹೊಸ ನಿಯಮ ಬಂದಿದೆ. ಒಪ್ಪಿಗೆ ಪಡೆದ ಉಪದೇಶಿ ಇಲ್ಲದ ಸಣ್ಣ ಸಭೆಗಳನ್ನು ಈಸ್ಟರಿನಿಂದ ಹತ್ತಿರದ ದೊಡ್ಡ ಚರ್ಚಿಗೆ ಸೇರಿಸುತ್ತಾರಂತೆ. ಎಂದರೆ ಚಿಂಚೋಳಿಯವರು ಭಾನುವಾರ ಬಸ್ಸು ಹತ್ತಿ ಭಾಲ್ಕಿಗೆ ಬರಬೇಕು. ಮೊಣಕಾಲು ನೋವಿನವರು, ಭಾನುವಾರವೂ ಕೂಲಿಗೆ ಹೋಗುವ ಮುಂಚೆ ಹಾದಿಯಲ್ಲಿ ಬಂದು ಕಣ್ಣು ಮುಚ್ಚಿ ನಿಂತು ಹೋಗುವವರು, ಇವರು ಬಸ್ಸು ಹತ್ತುವುದಿಲ್ಲ. ಕೋಣೆಗೆ ಬೀಗ ಬೀಳುತ್ತದೆ, ಅಷ್ಟೇ.

ಉಪದೇಶಿಗಳನ್ನು ಪರೀಕ್ಷಿಸಲು ಹೊಸ ಮೇಲ್ವಿಚಾರಕರು ಬಂದಿದ್ದಾರೆ, ರೆವರೆಂಡ್ ಅಮ್ಮನ್ನ ಅಂತ, ಮಂಗಳೂರು ಕಡೆಯವರು. ಒಳ್ಳೆಯ ಮನುಷ್ಯ. ಅಚ್ಚು ಹಾಕಿದ ಹಾಗೆ ಕನ್ನಡ ಮಾತಾಡುತ್ತಾರೆ. ಹೇಳಿದ ಹೊತ್ತಿಗೆ ಬರುತ್ತಾರೆ, ಅದರಿಂದ ಇಲ್ಲಿ ಸಾಕಷ್ಟು ಜನಕ್ಕೆ ತೊಂದರೆಯಾಗಿದೆ.

ಜನವರಿಯಲ್ಲಿ ಭಾಲ್ಕಿ ಚರ್ಚಿನಲ್ಲಿ ಪರೀಕ್ಷೆ ನಡೆಯಿತು. ಅಕ್ಕನ ಜೊತೆಗೆ ನಾನೂ ಹೋಗಿದ್ದೆ. ಸಾಹೇಬರು ಮೇಜಿನ ಹಿಂದೆ ಕೂತು ಒಬ್ಬೊಬ್ಬರನ್ನಾಗಿ ಕರೆದರು. ಅಕ್ಕನ ಸರದಿ ಬಂತು.

"ಸುಂದರಬಾಯಿಯವರೇ, ಸಭೆಯ ಮುಂದೆ ದೇವರ ವಾಕ್ಯ ಸಾರಲು ನಿಮಗೆ ಬರುತ್ತದೆಯೇ?"

ಅಕ್ಕ ಸೆರಗು ಎಳೆದುಕೊಂಡಳು. "ನನಗೆಲ್ಲಿ ಬರ್ತದ್ರಿ ಸಾಹೇಬ್ರ. ನಾ ಗಿರಣಿ ನಡಸಾಕಿ. ನಂದೇನದ್ರಿ, ಎಲ್ಲಾ ದೇವರದು."

"ಪ್ರಾಮಾಣಿಕವಾಗಿ ಹೇಳಿದಿರಿ. ಸಂತೋಷ," ಅಂದರು ಅಮ್ಮನ್ನ. ಏನೋ ಬರೆದುಕೊಂಡರು. ಮುಂದಿನವರನ್ನು ಕರೆದರು.

ಮುಂದಿನವರು ಕೂಡಲೇ ಏಳಲಿಲ್ಲ. ನಾವೆಲ್ಲರೂ ಎರಡನೆಯ ಸಲಕ್ಕಾಗಿ ಕಾಯುತ್ತಿದ್ದೆವು. ಇಲ್ಲಿ ಯಾರು ಒಂದೇ ಸಲಕ್ಕೆ ಹೌದು ಎನ್ನುತ್ತಾರೆ? ಹಾಡಲು ಬರುತ್ತದೇನು ಎಂದರೆ ಇಲ್ಲ ಎನ್ನಬೇಕು, ಮತ್ತೆ ಕೇಳಿದರೆ ಗಂಟಲು ಸರಿಯಿಲ್ಲ ಎನ್ನಬೇಕು, ಮೂರನೆಯ ಸಲ ಕೇಳಿದ ಮೇಲೆ ಎಲ್ಲ ಚರಣಗಳನ್ನೂ ಹಾಡಬೇಕು. ಸಾಕು ಅಂದವನ ತಾಟಿಗೆ ಇನ್ನೊಂದು ರೊಟ್ಟಿ ಹಾಕದ ಮನೆಯನ್ನು ನಾವು ಜಿಪುಣರ ಮನೆ ಎನ್ನುತ್ತೇವೆ. ಕೋಲಾರಕ್ಕೆ ಹೋದ ಹೊಸದರಲ್ಲಿ, ಊಟಕ್ಕೆ ಕರೆದವರ ಮನೆಗಳಿಂದ ನೀನು ಹಸಿದುಕೊಂಡು ಬರುತ್ತಿದ್ದೆ ಎಂದು ಬರೆದಿದ್ದೆಯಲ್ಲ, ಸಾಕು ಅಂದರೆ ಈ ಜನ ನಿಜವಾಗಿಯೂ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಾರೆ ಅಂತ. ಆ ಪತ್ರವನ್ನು ಅಕ್ಕನಿಗೆ ಓದಿ ಹೇಳಿದಾಗ ಅವಳು ನಕ್ಕು, ಆಮೇಲೆ ಅತ್ತು, ನಿನಗೆ ಶೇಂಗಾ ಹೋಳಿಗೆ ಕಳಿಸಿದ್ದಳು.

ನಾವು ಇದನ್ನೆಲ್ಲ ವಿನಯ ಎಂದುಕೊಂಡಿದ್ದೇವೆ. ಇರಬಹುದು. ಇನ್ನೊಮ್ಮೆ ಕೇಳಿಸಿಕೊಳ್ಳುವ ಆಸೆಯೂ ಇರಬಹುದು. ಒಳಗೆ ಕೈ ಹಾಕಿ ನೋಡಿದರೆ ಎರಡೂ ಒಂದೇ ಬಣ್ಣದವು, ಬೇರ್ಪಡಿಸಲು ನನಗಂತೂ ಬರುವುದಿಲ್ಲ.

ಹೊರಗೆ ಬಂದು ಬಸ್ಸಿಗೆ ನಿಂತಾಗ ಅಕ್ಕ ಸೆರಗನ್ನು ತಲೆಯಿಂದ ಇಳಿಸಿಕೊಂಡಳು. ಆಮೇಲೆ ಹೇಳಿದಳು, "ಒಂದೇ ಸಲ ಕೇಳಿದ್ರಲ್ಲೋ ತಮ್ಮಾ."

"ಅವರ ಕಡೆ ಹಂಗೇ ಅದ ಅಕ್ಕಾ."

"ಬೈಬಲ್ದಾಗ ಆ ಸಮುವೇಲಗ ದೇವರೇ ಮತ್ತ ಮತ್ತ ಕರದಾನ. ಪ್ರತಿ ಸಲಾನೂ ಆ ಹುಡುಗ, ಮುದುಕ ಯಾಜಕ ಕರದ ಅಂತ ತಪ್ಪು ಬಾಗಲಿಗಿ ಹೋಗಿ ನಿಂತಾನ. ದೇವರು ಬ್ಯಾಸರಾದನೇನು? ಈ ಸಾಹೇಬ್ರಿಗಿ ಒಂದೇ ಸಲಕ್ಕ ಗಂಟಲ ಒಣಗೇದ."

ಸಮುವೇಲ ಎಂಬ ಹೆಸರನ್ನು ಅವಳು ಹಾಗೆ ಅಂದಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ, ನಿನಗೆ ಗೊತ್ತು. ಅಪ್ಪ ನನಗೆ ಅದೇ ಹೆಸರಿಟ್ಟದ್ದು ಆ ಕಥೆಗಾಗಿಯೇ.

"ನಡಿ, ಒಳಗ ಹೋಗಿ ನನಗ ಬರ್ತದ ಅಂತ ಹೇಳಿ ಬಾ," ಅಂದೆ.

"ನಾನಾಗೇ ಹೋಗಿ? ನನ್ನ ಬಾಯಿಲೇ? ಅದಕ್ಕಿಂತ ಭಾಲ್ಕಿ ಬಸ್ಸೇ ಛಲೋ." ಬಸ್ಸು ಬರುವ ದಾರಿ ನೋಡುತ್ತ ಸೇರಿಸಿದಳು, "ಆ ಲಕ್ಷ್ಮೀಬಾಯಿ ಮುದುಕಿ ಬಸ್ ಹತ್ತೂದಿಲ್ಲ. ಅಕಿಗಿ ಯಾರ ಪ್ರಾರ್ಥನಿ ಮಾಡ್ತಾರ?"

ಇಲ್ಲಿಯೇ ಸಿಕ್ಕಿಹಾಕಿಕೊಂಡಿದ್ದಳು ನೋಡು. ತನಗೆ ಬರುತ್ತದೆ ಎಂದರೆ ಸೊಕ್ಕು. ಬರುವುದಿಲ್ಲ ಎಂದರೆ ಮುದುಕಿಯ ಬಾಗಿಲಿಗೆ ಬೀಗ.

ಮರುವಾರ ಅಮ್ಮನ್ನ ಅವರೇ ನನ್ನ ಅಂಗಡಿಗೆ ಬಂದರು. ಕನ್ನಡಕದ ಕಡ್ಡಿ ಸಡಿಲಾಗಿತ್ತು. ಯಾರು ನಾನು ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಸ್ಕ್ರೂ ಬಿಗಿಸಿಕೊಟ್ಟು, ಕಣ್ಣನ್ನೂ ನೋಡಿಬಿಡೋಣ ಎಂದು ಕೂರಿಸಿದೆ. ಅಂಗಡಿ ಇಕ್ಕಟ್ಟು, ಒಡೆದ ಫ್ರೇಮುಗಳನ್ನು ತುಂಬಿಟ್ಟ ಹಸಿರು ಟ್ರಂಕಿನ ಮೇಲೆ ಅವರು ಕಾಲಿಟ್ಟುಕೊಳ್ಳಬೇಕಾಯಿತು.

ಈ ಕಸುಬಿನಲ್ಲಿ ನಾನು ಕಲಿತದ್ದು ಒಂದೇ. ಕಾಣುತ್ತದೆ ಅಂದವರ ಮಾತನ್ನು ನಂಬಬಾರದು, ಕುತ್ತಿಗೆ ನೋಡಬೇಕು. ಕುತ್ತಿಗೆ ಮುಂದೆ ಚಾಚಿದ್ದರೆ ಕಾಣುತ್ತಿಲ್ಲ ಅಂತಲೇ. ನನ್ನ ಮನಸ್ಸಿಗೆ ನೋವಾಗಬಾರದು ಅಂತ ಕಾಣುತ್ತದೆ ಎನ್ನುತ್ತಿರುತ್ತಾರೆ.

"ಕೆಳಗಿನ ಸಾಲು ಕಾಣಿಸುತ್ತದೆಯೇ ಸರ್?"

"ಪರವಾಗಿಲ್ಲ, ಕಾಣಿಸುತ್ತದೆ."

ಕುತ್ತಿಗೆ ಚಾಚಿತ್ತು. ಗಾಜು ಬದಲಿಸದೆ ಮತ್ತೆ ಕೇಳಿದೆ. "ಸುಮಾರಾಗಿ ಕಾಣಿಸುತ್ತದೆ," ಅಂದರು. ಮೂರನೆಯ ಸಲ ಕೇಳಿದೆ. ನಕ್ಕುಬಿಟ್ಟರು. "ಇಲ್ಲ ಮಾರಾಯರೇ, ಇರುವೆ ಸಾಲು ಹೋದ ಹಾಗೆ ಕಾಣಿಸುತ್ತದೆ."

ಗಾಜು ಬದಲಿಸಿದೆ. ಆಮೇಲೆ ನಾನು ಯಾರು ಅನ್ನುವುದನ್ನು ಹೇಳಿದೆ. "ನಾನು ನಿಮ್ಮನ್ನು ಮೂರು ಸಲ ಕೇಳಿದೆ. ನೀವು ನಮ್ಮ ಅಕ್ಕನನ್ನು ಒಂದೇ ಸಲ ಕೇಳಿದಿರಿ," ಅಂದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ರೊಟ್ಟಿಯ ಉದಾಹರಣೆ ಕೊಟ್ಟೆ. ನಿನ್ನ ಕೋಲಾರದ ಹಸಿವನ್ನೂ ಹೇಳಿದೆ, ಕ್ಷಮಿಸು. ಕಣ್ಣು ಪರೀಕ್ಷೆಯ ಫ್ರೇಮು ಮೂಗಿನ ಮೇಲಿದ್ದ ಹಾಗೆಯೇ ಅವರು ಗಂಭೀರವಾದರು. "ಅಂದರೆ ನಾನು ಆ ದಿನ ನಿರಾಕರಿಸಿದವರಲ್ಲಿ..." ಎಂದು ನಿಲ್ಲಿಸಿದರು. "ಹೌದ್ರಿ, ಒಂದಿಬ್ಬರನ್ನು ಬಿಟ್ಟು ಉಳಿದವರೆಲ್ಲ ಇನ್ನೂ ಮನೆಯಲ್ಲಿ ಕಾಯ್ತಾ ಇರಬೇಕು," ಅಂದೆ. ಮಾರ್ಚಿನ ಮೊದಲ ವಾರ ಔರಾದಿನಲ್ಲಿ ಎಲ್ಲ ಸಭೆಗಳ ಕೂಟವಿದೆ, ಅಲ್ಲಿ ಎಲ್ಲರನ್ನೂ ಮತ್ತೆ ಕೇಳುತ್ತೇನೆ ಎಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ, "ಮೂರು ಸಲ, ಅಲ್ಲವೇ?" ಎಂದು ಖಚಿತಪಡಿಸಿಕೊಂಡರು.

ಇಷ್ಟಾದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಆ ದಿನ ಗಡಿಬಿಡಿಯಲ್ಲಿ ಮತ್ತೆ ಒಂದೇ ಸಲ ಕೇಳಿಬಿಟ್ಟರೆ? ಆದ್ದರಿಂದ ಅಕ್ಕನಿಗೂ ತಯಾರಿ ಕೊಡಿಸುತ್ತಿದ್ದೇನೆ. ಕಳೆದ ಭಾನುವಾರ ಗಿರಣಿಯಲ್ಲಿ ನಾನೇ ಸಾಹೇಬನಾಗಿ ಸ್ಟೂಲಿನ ಮೇಲೆ ಕೂತೆ. ಪಕ್ಕದ ಓಣಿಯ ಅಜೀಜಾ ಬೇಗಂ ಜೋಳದ ಡಬ್ಬಿ ಇಟ್ಟುಕೊಂಡು ಕರೆಂಟಿಗೆ ಕಾಯುತ್ತಿದ್ದಳು.

"ಸುಂದರಬಾಯಿಯವರೇ, ನಿಮಗೆ ವಾಕ್ಯ ಸಾರಲು ಬರುತ್ತದೆಯೇ?"

"ನನಗ... ನನಗ ಬರ್... ನಂದೇನದ್ರಿ ಸಾಹೇಬ್ರ."

"ಅಕ್ಕಾ."

"ಬಾಯಿಗಿ ಬರೂದಿಲ್ಲೋ ಸಮ್ಯಾ. ಸುಳ್ಳ ಹೇಳಿದಂಗ ಆಗ್ತದ."

ಅಜೀಜಾ ಬೇಗಂ ಡಬ್ಬಿಯ ಮೇಲೆ ಕೈಯೂರಿ ಕೇಳಿದಳು, "ಬಾಯೀ, ನಿನಗ ಸಣ್ಣ ಹಿಟ್ಟು ಬೀಸ್ಲಾಕ ಬರ್ತದೇನು?"

"ಯಾಕ ಬರೂದಿಲ್ಲ? ಭಾಲ್ಕಿ ತಾಲೂಕಿನಾಗ ನನ್ನಂಗ ಯಾರ ಬೀಸ್ತಾರ ತೋರಸು."

"ಅದಾ ನೋಡು. ಅಲ್ಲಿ ಹಂಗೇ ಅನ್ನು."

"ಹಿಟ್ಟು ಬ್ಯಾರಿ, ದೇವರ ಮಾತು ಬ್ಯಾರಿ. ಹಿಟ್ಟು ನಾ ಮಾಡ್ತೇನಿ."

"ಜೋಳಾ ನೀ ಮಾಡ್ತಿ ಏನು?" ಅಂದಳು ಅಜೀಜಾ ಬೇಗಂ. "ಜೋಳಾ ಕೊಟ್ಟವ ಮ್ಯಾಗ ಇದ್ದಾನ. ತಂದಾಕಿ ನಾ. ಬೀಸಾಕಿ ನೀ. ನನಗ ಬೀಸ್ಲಾಕ ಬರೂದಿಲ್ಲ ಅಂತ ನೀ ಕೂತ್ರ ಅಲ್ಲಾಹ್ ಬಂದು ಪಟ್ಟಿ ಏರಸ್ತಾನೇನು? ನನ್ನ ಮನ್ಯಾಗ ರೊಟ್ಟಿ ಹ್ಯಾಂಗ ಆಗಬೇಕು?"

ಅಕ್ಕ ಎದ್ದು ಡಬ್ಬಿ ಎತ್ತಿಕೊಂಡಳು. ಕರೆಂಟು ಬಂತು. ಗಿರಣಿ ಶುರುವಾದ ಮೇಲೆ, ಯಾರಿಗೂ ಏನೂ ಕೇಳಿಸದ ಆ ಸದ್ದಿನಲ್ಲಿ, ಅವಳ ತುಟಿ ಏನನ್ನೋ ಅಭ್ಯಾಸ ಮಾಡುತ್ತಿದ್ದದ್ದನ್ನು ನೋಡಿದೆ.

ಪತ್ರವನ್ನು ಇಲ್ಲಿಗೇ ನಿಲ್ಲಿಸಿ ಇಟ್ಟಿರುತ್ತೇನೆ. ಔರಾದಿನಲ್ಲಿ ಏನಾಯಿತು ಅನ್ನದೆ ಕಳಿಸಿದರೆ ನೀನು ಫೋನು ಮಾಡಿ ಬೈಯುತ್ತೀಯ.

ಮಾರ್ಚ್ ೪

ಔರಾದಿನಿಂದ ಬಂದು ಎರಡು ದಿನವಾಯಿತು. ನಗು ಇನ್ನೂ ಪೂರ್ತಿ ನಿಂತಿಲ್ಲ, ಅಕ್ಷರ ಅಲುಗಿದ್ದರೆ ಅದೇ ಕಾರಣ. ನನ್ನ ಹೆಂಡತಿ ಸುಲಭಾ ಎರಡು ಸಲ ಕೇಳಿಸಿಕೊಂಡಿದ್ದಾಳೆ, ಮೂರನೆಯ ಸಲ ಹೇಳಲು ಹೋದರೆ ಅಡಿಗೆಮನೆಗೆ ಎದ್ದು ಹೋಗುತ್ತಾಳೆ.

ಚರ್ಚಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಭಾಲ್ಕಿಯವರು, ಬೀದರದವರು, ಗಡಿಯಾಚೆಯಿಂದ ಮರಾಠಿ ಹಾಡಿನವರು, ಜನವೋ ಜನ. ಅಕ್ಕ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದಳು. ಕಿವಿಯ ಹಿಂದೆ ಮಾತ್ರ ಎಂದಿನಂತೆ ಒಂದು ಗೆರೆ ಹಿಟ್ಟು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ "ಬರ್ತದ್ರಿ, ಬರ್ತದ್ರಿ" ಎಂದು ಪಿಸುಗುಟ್ಟುತ್ತಿದ್ದಳು. ಎದುರಿನ ಸೀಟಿನವನು ತನ್ನ ನಿಲ್ದಾಣ ಬಂತೆಂದು ಎರಡು ಸಲ ಎದ್ದು ನೋಡಿದ.

ಅಮ್ಮನ್ನ ಅವರು ಮೈಕಿನ ಮುಂದೆ ಬಂದು, ಭಾಲ್ಕಿಯಲ್ಲಿ ತಮ್ಮಿಂದ ಒಂದು ತಪ್ಪು ಆಯಿತು, ಇಂದು ಅದನ್ನು ಸರಿಪಡಿಸುತ್ತೇನೆ ಎಂದರು. ಮೊದಲ ಹೆಸರೇ ಅಕ್ಕನದು. ನಾನು ಎಂದಿನಂತೆ ಹಿಂದೆ, ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದೆ.

"ಸುಂದರಬಾಯಿಯವರೇ, ನಿಮಗೆ ವಾಕ್ಯ ಸಾರಲು ಬರುತ್ತದೆಯೇ?"

"ಬರ್ತದ್ರಿ." ಒಂದೇ ಸಲಕ್ಕೆ, ನೆಟ್ಟಗೆ.

ನಾನು ಉಸಿರು ಬಿಟ್ಟೆ. ಆದರೆ ಅಮ್ಮನ್ನ ಅವರೂ ತಯಾರಾಗಿ ಬಂದಿದ್ದರಲ್ಲ. ಪ್ರೀತಿಯಿಂದ ಮುಗುಳ್ನಕ್ಕು, ಸ್ವಲ್ಪ ಬಾಗಿ, ಮತ್ತೆ ಕೇಳಿದರು.

"ನಿಮಗೆ ವಾಕ್ಯ ಸಾರಲು ಬರುತ್ತದೆಯೇ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಕಂಬದ ಹಿಂದೆ ಸರಿದೆ. "ಬರ್ತದ್ರಿ ಸಾಹೇಬ್ರ," ಅಂದಳು, ದನಿ ಒಂದು ಮೆಟ್ಟಿಲು ಇಳಿದಿತ್ತು. ಸಾಹೇಬರಿಗೆ ಅನುಮಾನ ಬಂದಿದೆ ಎಂದುಕೊಂಡಿದ್ದಳು. ಇನ್ನು ಒಂದು ಸಲ ಕೇಳಿದರೆ "ನಂದೇನದ್ರಿ" ಬಂದುಬಿಡುತ್ತದೆ ಎಂದು ನಾನು ಹೆದರಿದೆ. ಸಾಕು ಎಂದು ಕೈ ಬೀಸಿ ಸಾಹೇಬರಿಗೆ ಸನ್ನೆ ಮಾಡಿದೆ. ಮೂರನೆಯದು ಬಾಕಿ ಇದೆ ಎಂದು ನೆನಪಿಸುತ್ತಿದ್ದೇನೆ ಎಂದುಕೊಂಡು ಅವರು ನನಗೆ ತಲೆಯಾಡಿಸಿದರು.

"ನಿಜವಾಗಿಯೂ ಬರುತ್ತದೆಯೇ?"

ದಾನ್ಯಾ, ಆಗ ಗಿರಣಿ ಶುರುವಾಯಿತು.

"ಎಷ್ಟ ಸಲ ಹೇಳ್ಲಿ ಸಾಹೇಬ್ರ? ಬರ್ತದ ಅಂದೇನಲ್ರಿ. ನಿಮಗ ಬರ್ತದೇನ್ರಿ?"

ಅಮ್ಮನ್ನ ಅವರು ಗಾಬರಿಯಾದರು. ಗಾಬರಿಯಲ್ಲಿ ಅವರ ಬಾಯಿಗೆ ಬಂದದ್ದು ಅವರ ಊರಿನದೇ ವಿನಯ. "ನನಗೆಲ್ಲಿ ಬರುತ್ತದಮ್ಮ," ಅಂದರು. "ಏನೋ, ದೇವರು ನಡೆಸಿದ ಹಾಗೆ."

"ಹಂಗಾದ್ರ ಕೂಡ್ರಿ," ಅಂದಳು ಅಕ್ಕ. "ನಾ ಹೇಳ್ತೇನಿ."

ಅವರು ಕೂತರು. ಸತ್ಯವಾಗಿ ಹೇಳುತ್ತೇನೆ, ಮುಂದಿನ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತರು. ಜನ ನಗಲು ಶುರು ಮಾಡಿದ್ದು ಆಮೇಲೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಅಕ್ಕ ಏನು ಹೇಳಿದಳು ಎಂದು ಬರೆದರೆ ಅರ್ಧ ಹೋಗುತ್ತದೆ, ಆ ದನಿ ಕಾಗದದ ಮೇಲೆ ಬರುವುದಿಲ್ಲ. ಮೈಕನ್ನು ಪಕ್ಕಕ್ಕೆ ಸರಿಸಿ, ಗಿರಾಕಿಗಳಿಗೆ ಹೇಳುವ ಹಾಗೆಯೇ ಹೇಳಿದಳು.

"ಗಿರಣಿ ಎಲ್ಲಾರೂ ನೋಡೀರಿ. ಅದರಾಗ ಎರಡ ಕಲ್ಲ ಇರ್ತಾವ. ಒಂದು ಕದಲೂದಿಲ್ಲ, ಒಂದು ತಿರಗ್ತದ. ಭಾಳ ಬಿಗಿ ಮಾಡಿದ್ರ ಕಲ್ಲಿಗಿ ಕಲ್ಲ ಹತ್ತಿ ಹಿಟ್ಟು ಕಮರ್ತದ, ರೊಟ್ಟಿ ಸುಟ್ಟ ವಾಸನಿ ಬರ್ತದ. ಭಾಳ ಸಡ್ಲ ಬಿಟ್ರ ಜೋಳ ಹಾಕಿದಂಗೇ ಕೆಳಗ ಬೀಳ್ತದ. ನಾ ಇಷ್ಟ ದಿನಾ ಚರ್ಚಿನ್ಯಾಗ ಸಡ್ಲ ಬಿಟ್ಟೀನಿ. ಗಿರಣ್ಯಾಗ ಬಿಗಿ ಮಾಡೀನಿ, ನಮ್ಮ ಊರವರು ಇಲ್ಲೇ ಕೂತಾರ, ಕೇಳ್ರಿ ಅವರಿಗಿ."

ಚಿಂಚೋಳಿಯವರ ಗುಂಪಿನಿಂದ "ಖರೇ ಅದ" ಎಂದು ಯಾರೋ ಕೂಗಿದರು.

"ಸುಮ್ಮ ಕೂಡು, ನಿನ್ನ ಗೋಧಿ ಇನ್ನೂ ಬೀಸಿಲ್ಲ ನಾ," ಅಂದಳು. ಮತ್ತೆ ನಗು. "ಎಷ್ಟು ಬಿಗಿ, ಎಷ್ಟು ಸಡ್ಲ ಅಂತ ಯಾರೂ ಒಮ್ಮೆ ಹೇಳಿಕೊಟ್ಟು ಹೋಗ್ಲಾಕ ಆಗೂದಿಲ್ರಿ. ಮುಂಜಾನಿ ಎದ್ದು ಒಂದ ಹಿಡಿ ಬೀಸಿ ಬೆರಳಿನಾಗ ಹಿಡದು ನೋಡಬೇಕು. ನಿನ್ನಿ ಸರಿ ಇತ್ತು ಅಂತ ಇವತ್ತ ಬಿಟ್ರ ಆಗೂದಿಲ್ಲ. ನಾ ಪ್ರಾರ್ಥನಿ ಅಂತ ಮಾಡೂದು ಅದೇ. ಬೆರಳಿನಾಗ ಹಿಡದು ನೋಡೂದು."

ಅಲ್ಲಿಂದ ಮುಂದೆ ದಾರಿ ತಪ್ಪಿದಳು. ಭಾವನ ಕಾಯಿಲೆಯ ಕಾಲದ ಏನೋ ಒಂದು ಶುರು ಮಾಡಿ ನಡುವೆ ಬಿಟ್ಟಳು, ಮುಂದುವರಿಸಲಾಗಲಿಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡು ಒಂದು ಹಾಡು ಎತ್ತಿಕೊಂಡಳು. ಅದು ಎಷ್ಟು ಮೇಲಿನ ಶ್ರುತಿಯಲ್ಲಿ ಶುರುವಾಯಿತೆಂದರೆ ಹಾರ್ಮೋನಿಯಂ ಪೇಟಿಯವನು ಸ್ವರ ಹುಡುಕುತ್ತಲೇ ಎರಡು ಚರಣ ಕಳೆದ. ಪರಿಪೂರ್ಣ ಪ್ರಸಂಗವೇನಲ್ಲ. ಆದರೆ ಯಾರೂ ಗಾಳಿಗೆಂದು ಹೊರಗೆ ಎದ್ದು ಹೋಗಲಿಲ್ಲ. ನಾನೂ ಹೋಗಲಿಲ್ಲ.

ಚಿಂಚೋಳಿಯ ಸಭೆ ಚಿಂಚೋಳಿಯಲ್ಲೇ ಇರುತ್ತದೆ ಎಂದು ಅಮ್ಮನ್ನ ಅಲ್ಲೇ ಹೇಳಿದರು. ಉಳಿದವರನ್ನು ಎಷ್ಟು ಸಲ ಕೇಳಬೇಕು ಎಂದು ಆಮೇಲೆ ನನ್ನನ್ನು ಬದಿಗೆ ಕರೆದು ವಿಚಾರಿಸಿದರು. ಅದು ಅವರವರ ಕುತ್ತಿಗೆಯ ಮೇಲೆ ಹೋಗುತ್ತದೆ ಸರ್, ಅಂದೆ.

ಆ ಸಂಜೆ ಅಕ್ಕ ನಮ್ಮ ಮನೆಗೆ ಬೀದರಕ್ಕೆ ಬಂದಳು. ಬಸ್ಸಿನಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿದಳು.

"ಜಾಸ್ತಿ ಆತೇನೋ ಸಮ್ಯಾ? ಸಾಹೇಬ್ರಿಗಿ ಕೂಡ್ರಿ ಅಂದೇನಿ ನಾ."

"ಅವರೂ ಕೂತ್ರಲ್ಲ."

"ಅವರು ದೊಡ್ಡವರು, ಕೂತ್ರು."

"ಛಲೋ ಹೇಳಿದಿ ಅಕ್ಕಾ."

ನಮ್ಮಲ್ಲಿ ಎದುರಿಗೆ ಹೀಗೆ ಅನ್ನುವ ಪದ್ಧತಿಯಿಲ್ಲ, ನಿನಗೆ ಗೊತ್ತು. ದೇವರಿಗೆ ಸ್ತೋತ್ರ ಎಂದು ಅನ್ನಬೇಕು. ಅವಳು ಬೈದಳು. "ಸುಮ್ಮ ಕೂಡು. ಎಲ್ಲಾ ದೇವರದು." ಸಂತಪುರ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು, "ಆಗ ಏನಂದಿ?"

"ಛಲೋ ಹೇಳಿದಿ ಅಂದೆ."

"ಬಸ್ಸಿನ ಸಪ್ಪಳ ಭಾಳ ಅದ, ಕೇಳಿಸ್ಲಿಲ್ಲ."

ಗಿರಣಿಯ ಸದ್ದಿನಲ್ಲಿ ಪಿಸುಮಾತು ಹಿಡಿಯುವ ಕಿವಿ ಅದು. ಮತ್ತೆ ಹೇಳಿದೆ. ಜೋರಾಗಿ ಹೇಳಿದೆ, ಕಂಡಕ್ಟರ್ ತಿರುಗಿ ನೋಡಿದ.

ಇಷ್ಟೇ ನೋಡು ಸಂಗತಿ. ನಿನ್ನ ಯುವಕರಿಗೆ ಇದರಿಂದ ಏನು ಹೇಳುತ್ತೀಯೋ ನನಗೆ ತಿಳಿಯದು. "ನಾನು ಧೂಳು" ಎನ್ನುವವರಿಗೆ ಒಂದು ಹಿಡಿ ಜೋಳ ಕೊಟ್ಟು ನೋಡು. ಇನ್ನೊಂದು ಗುಂಪಿಗೆ ಜೋಳ ಯಾರದು ಎಂದು ಕೇಳು. ಅಜೀಜಾ ಬೇಗಂ ಇದ್ದಿದ್ದರೆ ಒಂದೇ ತರಗತಿಯಲ್ಲಿ ಎರಡನ್ನೂ ಮುಗಿಸುತ್ತಿದ್ದಳು. ಚಪ್ಪಲಿಯ ಮಾತಿನ ಉಳಿದರ್ಧ ನಿನಗೆ ನೆನಪಾದರೆ ಬರೆ.

ಸುವರ್ಣಾ ಅವರ ಸೊಂಟನೋವು ಬೇಗ ಗುಣವಾಗಲಿ. ಮಕ್ಕಳು ನಿನ್ನ ಗಡ್ಡ ಬೆಳ್ಳಗಾದಷ್ಟು ಕಾಲ ಬಾಳಲಿ, ಅದಕ್ಕಿಂತ ಹೆಚ್ಚು ಬಾಳಲಿ. ಅಕ್ಕ ನಿನಗೆ ಹೇಳಿ ಕಳಿಸಿದ್ದು ಒಂದೇ, "ದಾನ್ಯಾಗ ಹೊಟ್ಟಿ ತುಂಬ ಉಣ್ಣು ಅನ್ನು." ಅದನ್ನೇ ಆಶೀರ್ವಾದ ಎಂದು ತಿಳಿ. ಕರ್ತನು ನಿನ್ನ ಮನೆಯ ಹೊಸ್ತಿಲನ್ನು ಕಾಯಲಿ.

ನಿನ್ನ,
ಸಮುವೇಲ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ಅಂಗಡಿಯಲ್ಲಿರುವ ಹಸಿರು ಟ್ರಂಕಿನ ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ನಮಗೆ ಇಪ್ಪತ್ತರ ಆಸುಪಾಸು. ಭಾಲ್ಕಿ ಚರ್ಚಿನ ಹಿಂದಿನ ಬೇವಿನ ಮರದ ಕೆಳಗೆ, ಹೊರಗಿನಿಂದ ಬಂದಿದ್ದ ಆಗಿನ ಸಾಹೇಬರು ನಮ್ಮಿಬ್ಬರನ್ನು ನಿಲ್ಲಿಸಿಕೊಂಡು, ಪಾದ್ರಿಯ ಓದಿಗೆ ಒಬ್ಬರನ್ನು ಕಳಿಸಬಹುದು ಎಂದರು. ಮೊದಲು ನನ್ನನ್ನು ಕೇಳಿದರು. ವಿಷಯ ಮೊದಲೇ ಕಿವಿಗೆ ಬಿದ್ದಿತ್ತು, ಅಪ್ಪ ಟ್ರಂಕು ತಂದು ಹಸಿರು ಬಣ್ಣ ಹಚ್ಚಿಸಿ, ಮುಚ್ಚಳದ ಮೇಲೆ ನನ್ನ ಹೆಸರು ಬರೆಸಿದ್ದರು. "ನಾನೆಲ್ಲಿ ಸಾಹೇಬ್ರ, ನಂದೇನದ್ರಿ" ಅಂದೆ, ಅನ್ನಬೇಕಾದ ಹಾಗೆ. ಅವರು ಸರಿ ಎಂದು ನಿನ್ನ ಕಡೆ ತಿರುಗಿದರು. ನೀನು "ಹೋಗ್ತೇನ್ರಿ" ಅಂದೆ.

ನೀನು ಅಂದದ್ದು ತಪ್ಪಲ್ಲ. ನೀನು ಒಳ್ಳೆಯ ಪಾದ್ರಿಯಾದೆ, ನಾನು ಆಗುತ್ತಿದ್ದೆನೋ ಇಲ್ಲವೋ ಯಾರಿಗೆ ಗೊತ್ತು. ಕನ್ನಡಕ ಮಾರಿ ನಾನು ಕೆಟ್ಟಿಲ್ಲ. ಆದರೆ ಔರಾದಿನಿಂದ ಬಂದ ಮೇಲೆ ಅಪ್ಪ ಹೆಸರಿಟ್ಟ ಆ ಸಮುವೇಲನ ಕಥೆಯಲ್ಲಿ ನನಗೆ ಹುಡುಗ ಕಾಣಿಸುತ್ತಿಲ್ಲ. ಪಕ್ಕದಲ್ಲಿದ್ದ ಮುದುಕ ಯಾಜಕ ಕಾಣಿಸುತ್ತಾನೆ, ಇನ್ನೊಮ್ಮೆ ಕರೆ ಬಂದರೆ ಹೀಗೆ ಅನ್ನು ಎಂದು ಹುಡುಗನಿಗೆ ಹೇಳಿಕೊಟ್ಟವನು. ಇನ್ನೊಮ್ಮೆ ಕೇಳಿ ಎಂದು ಅಮ್ಮನ್ನ ಅವರಿಗೆ ಹೇಳಲು ನನಗೆ ಹಿಡಿದದ್ದು ಒಂದು ಗಾಜು ಬದಲಿಸುವಷ್ಟು ಹೊತ್ತು. ಆ ದಿನ ಮರದ ಕೆಳಗೆ ನಿನ್ನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. "ಸಾಹೇಬ್ರ, ಅವಗ ಇನ್ನೊಮ್ಮೆ ಕೇಳ್ರಿ" ಅನ್ನುವ ಮಾತು ನಿನ್ನ ಬಾಯಿಯ ತನಕ ಬಂದಿತ್ತೇನೋ, ದಾನ್ಯಾ?